ತಲೆಯಲ್ಲ, ಬೆನ್ನು ಉರುಳಬೇಕು



"ನೀನು ತಿಪ್ಪರಲಾಗ ಹಾಕಿದರೂ ಇದು ಆಗಲ್ಲ ಹೋಗೋ" ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಒಮ್ಮೆಯಾದರೂ ಹೇಳಿರುತ್ತಾರೆ. ಲಾಗ ಹಾಕೋದು ಅಂದರೆ ಬಹಳ ಕಷ್ಟದ ಕೆಲಸ, ಎಲ್ಲರಿಂದ ಆಗುವಂಥದ್ದಲ್ಲ ಅನ್ನೋ ಅರ್ಥ ಈ ಮಾತಿನಲ್ಲೇ ಇದೆ. ಅಮರಾಪುರದ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಹಾಗಾಗಿ ಕೆಲವರು ಇದನ್ನೇ ಪಿಲ್ಲಿಮೊಗ್ಗ ಅಂತಲೂ ಕರೀತೀರಿ. ಪಿ.ಟಿ. ಮೇಷ್ಟ್ರು ಫಾರ್ವರ್ಡ್ ರೋಲ್ ಅಂತಾರೆ. ಹೆಸರು ಯಾವುದಾದರೂ ಇರಲಿ, ಇಲ್ಲಿ ನಾನು ಹೇಳಹೊರಟಿರೋದು ಗಾಳಿಯಲ್ಲಿ ಹಾರಿ ಹಾಕುವ ಲಾಗದ ವಿಷಯ ಅಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕೈ ಊರಿ, ಮುಂದಕ್ಕೆ ಒಂದು ಸುತ್ತು ಉರುಳಿ ಎದ್ದು ನಿಲ್ಲುವ ಸರಳ ಲಾಗದ ವಿಷಯ.

ಇದನ್ನು ವಿಜ್ಞಾನ ಪತ್ರಿಕೆಯಲ್ಲಿ ಯಾಕೆ ಬರೀತೀರಿ ಮೇಷ್ಟ್ರೇ ಅಂತ ಕೇಳಬಹುದು. ಕಾರಣ ಎರಡು. ಮೊದಲನೆಯದು, ನಿಮ್ಮ ಪುಸ್ತಕದಲ್ಲಿರುವ ಒತ್ತಡ, ಜಡತ್ವ, ಗುರುತ್ವ ಕೇಂದ್ರ ಎಲ್ಲವೂ ಈ ಒಂದು ಉರುಳಿನಲ್ಲಿ ನಿಮ್ಮ ಮೈಮೇಲೇ ನಡೆಯುತ್ತವೆ. ಎರಡನೆಯದು, ಈ ಉರುಳನ್ನು ನಮ್ಮಲ್ಲಿ ಬಹಳ ಮಕ್ಕಳು ತಪ್ಪಾಗಿ ಕಲೀತಾರೆ. ತಪ್ಪು ಎಲ್ಲಾಗುತ್ತೆ ಅಂದರೆ ಕುತ್ತಿಗೆಯಲ್ಲಿ. ಕುತ್ತಿಗೆ ವಿಷಯದಲ್ಲಿ ತಪ್ಪು ಮಾಡಿ ಆಮೇಲೆ ತಿದ್ದಿಕೊಳ್ತೀನಿ ಅನ್ನೋ ಹಾಗಿಲ್ಲ.

ನನಗೆ ಆದದ್ದು

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಡೆದದ್ದು ಹೇಳ್ತೀನಿ. ಯಾವ ಶಾಲೆ, ಯಾರು ಮೇಷ್ಟ್ರು ಅನ್ನೋದು ಬೇಡ. ಒಂದು ಸಂಜೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ನೆಲದ ಮೇಲೆ ಒಂದು ಜಮಖಾನೆ. "ತಲೆ ನೆಲಕ್ಕಿಡು, ಕಾಲು ಎತ್ತು, ಉರುಳು" ಅಷ್ಟೇ ಪಾಠ. ನನ್ನ ಮುಂದಿದ್ದವರು ಹೇಗೋ ಉರುಳಿ ಹೋದರು. ನಾನು ಹೇಳಿದ ಹಾಗೇ ನೆತ್ತಿಯನ್ನು ನೆಲಕ್ಕಿಟ್ಟೆ, ಕಾಲು ಎತ್ತಿದೆ. ಕುತ್ತಿಗೆಯಲ್ಲಿ ಕಟಕ್ ಅಂತು. ಪಕ್ಕಕ್ಕೆ ಬಿದ್ದೆ. ಎಲ್ಲರೂ ನಕ್ಕರು. ಒಂದು ವಾರ ಕುತ್ತಿಗೆ ತಿರುಗಿಸೋಕೆ ಆಗಲಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡ್ತಿದ್ದೆ. ಅದಕ್ಕೂ ನಕ್ಕರು.

ನನ್ನ ಪುಣ್ಯ, ಅಷ್ಟಕ್ಕೇ ಮುಗೀತು. ಆದರೆ ಆಮೇಲೆ ಎಷ್ಟೋ ವರ್ಷ ನಾನು ಲಾಗದ ಹತ್ತಿರ ಹೋಗಲಿಲ್ಲ. "ನನ್ನ ಮೈಯೇ ಇದಕ್ಕೆ ಆಗಿಬರಲ್ಲ" ಅಂತ ನಂಬಿಬಿಟ್ಟಿದ್ದೆ. ಮೇಷ್ಟ್ರಾಗಿ, ಮಕ್ಕಳಿಗೆ ಬಲ ಮತ್ತು ಒತ್ತಡದ ಪಾಠ ಮಾಡುವಾಗ ಒಂದು ದಿನ ಹೊಳೀತು: ತಪ್ಪು ನನ್ನ ಮೈಯದಲ್ಲ, ಆ ಮೊದಲ ಮಾತಿನದು. "ತಲೆ ನೆಲಕ್ಕಿಡು" ಅನ್ನೋದೇ ತಪ್ಪು ಪಾಠ. ಲಾಗದಲ್ಲಿ ತಲೆಗೆ ಕೆಲಸವೇ ಇಲ್ಲ. ಕೈ ಭಾರ ಹೊರಬೇಕು, ಬೆನ್ನು ಉರುಳಬೇಕು, ತಲೆ ಸುಮ್ಮನೆ ಒಳಗೆ ಅಡಗಿಕೊಂಡಿರಬೇಕು.

ಈ ಲೇಖನದಲ್ಲಿ ನಾನು ಹೇಳಬೇಕಾದ ಮಾತು ಇದೊಂದೇ. ಉಳಿದದ್ದೆಲ್ಲ ಇದರ ವಿವರಣೆ.

ನೆತ್ತಿಯ ಲೆಕ್ಕ, ಬೆನ್ನಿನ ಲೆಕ್ಕ

ಒತ್ತಡ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಅಂತ ಓದಿದ್ದೀರಿ. ನಿಮ್ಮ ತೂಕ 40 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಭೂಮಿ ನಿಮ್ಮನ್ನು ಎಳೆಯುವ ಬಲ ಹತ್ತಿರ ಹತ್ತಿರ 400 ನ್ಯೂಟನ್. ಈ ಭಾರವೆಲ್ಲ ನೆತ್ತಿಯ ಮೇಲೆ ಬಿದ್ದರೆ? ನೆತ್ತಿ ನೆಲಕ್ಕೆ ತಾಗುವ ಜಾಗ ಸುಮಾರು 20 ಚದರ ಸೆಂಟಿಮೀಟರ್ ಅಂತ ಹಿಡಿಯಿರಿ. ಒಂದೊಂದು ಚದರ ಸೆಂಟಿಮೀಟರಿಗೆ 20 ನ್ಯೂಟನ್ ಬಿತ್ತು. ಅದೇ ಭಾರ ಬೆನ್ನಿನ ಮೇಲ್ಭಾಗದ ಮೇಲೆ, ಒಂದು ನೋಟ್‌ಬುಕ್ಕಿನಷ್ಟು ಜಾಗಕ್ಕೆ, ಅಂದರೆ ಸುಮಾರು 400 ಚದರ ಸೆಂಟಿಮೀಟರಿಗೆ ಹರಡಿದರೆ? ಒಂದು ಚದರ ಸೆಂಟಿಮೀಟರಿಗೆ 1 ನ್ಯೂಟನ್ ಅಷ್ಟೇ. ಇದು ಅಂದಾಜು ಲೆಕ್ಕ, ಆದರೂ ವ್ಯತ್ಯಾಸ ಇಪ್ಪತ್ತು ಪಟ್ಟು! ಮೇಲಿಂದ ಜೋರಾಗಿ ಬಿದ್ದರೆ ಬಲ ಇನ್ನೂ ಹೆಚ್ಚುತ್ತದೆ.

ಇನ್ನು ನೆತ್ತಿಯ ಕೆಳಗೆ ಏನಿದೆ ನೋಡಿ. ನಮ್ಮ ಕುತ್ತಿಗೆಯಲ್ಲಿ 7 ಕಶೇರುಮಣಿಗಳಿವೆ. ಅಷ್ಟುದ್ದ ಕುತ್ತಿಗೆಯ ಜಿರಾಫೆಗೂ ಏಳೇ. ಈ ಮಣಿಗಳ ನಡುವಿನ ತೂತಿನಲ್ಲಿ ಬೆನ್ನುಹುರಿ ಇಳಿದು ಹೋಗಿದೆ. ಮಿದುಳಿನಿಂದ ಕೈಕಾಲಿಗೆ ಹೋಗುವ ಸಂದೇಶಗಳೆಲ್ಲ ಈ ದಾರಿಯಲ್ಲೇ ಹೋಗಬೇಕು. ನೆಟ್ಟಗೆ ನಿಂತಾಗ ಕುತ್ತಿಗೆಯ ಮಣಿಗಳು ಸ್ವಲ್ಪ ಮುಂದಕ್ಕೆ ಬಾಗಿರುತ್ತವೆ. ಆ ಬಾಗು ಸ್ಪ್ರಿಂಗಿನ ಹಾಗೆ ಪೆಟ್ಟನ್ನು ತಡಕೊಳ್ಳುತ್ತದೆ. ಆದರೆ ತಲೆ ಸ್ವಲ್ಪ ತಗ್ಗಿಸಿದರೆ ಆ ಬಾಗು ಹೋಗಿ ಮಣಿಗಳು ನಾಣ್ಯ ಜೋಡಿಸಿದ ಹಾಗೆ ನೇರ ಸಾಲಾಗುತ್ತವೆ. ಆ ಹೊತ್ತಿನಲ್ಲಿ ನೆತ್ತಿಗೆ ಪೆಟ್ಟು ಬಿದ್ದರೆ ಸ್ನಾಯುಗಳು ತಡೆಯುವುದು ಕಷ್ಟ. ಎಲ್ಲವೂ ಮೂಳೆಯ ಮೇಲೆ ಬೀಳುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಅಮೆರಿಕದಲ್ಲಿ ಹೆಲ್ಮೆಟ್ ಹಾಕಿಕೊಂಡು ಮೈಗೆ ಮೈ ಡಿಕ್ಕಿ ಹೊಡೆದು ಆಡುವ ಒಂದು ಫುಟ್‌ಬಾಲ್ ಇದೆ. ಹೆಲ್ಮೆಟ್ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಹುಡುಗರು ತಲೆ ಮುಂದೆ ಮಾಡಿ ನುಗ್ಗುತ್ತಿದ್ದರು. 1976ರಲ್ಲಿ ಕುತ್ತಿಗೆಗೆ ಏಟು ಬಿದ್ದು 34 ಆಟಗಾರರ ಕೈಕಾಲು ಶಾಶ್ವತವಾಗಿ ಬಿದ್ದುಹೋದವು. ಅದೇ ವರ್ಷ ಶಾಲೆ ಕಾಲೇಜುಗಳ ಆಟದಲ್ಲಿ ತಲೆ ಮುಂದೆ ಮಾಡಿ ಗುದ್ದಬಾರದು ಅಂತ ನಿಯಮ ತಂದರು. 1984ರ ಹೊತ್ತಿಗೆ ಆ ಸಂಖ್ಯೆ 5ಕ್ಕೆ ಇಳಿಯಿತು.  ಮೈಯ ಯಾವ ಭಾಗ ಮೊದಲು ತಾಗಬೇಕು ಅನ್ನೋ ವಿಧಾನ ಬದಲಾಯಿತು.

ನಮ್ಮ ಲಾಗಕ್ಕೂ ಇದೇ ನಿಯಮ. ನೆತ್ತಿ ನೆಲಕ್ಕೆ ತಾಗಿದರೆ, ನೀವು ಉರುಳಿ ಎದ್ದು ನಿಂತರೂ ಸರಿ, ಆ ಲಾಗ ತಪ್ಪು.

ಇಟ್ಟಿಗೆ ಮತ್ತು ತೆಂಗಿನಕಾಯಿ

ನಮ್ಮ ಕಡೆ ತೆಂಗಿಗೇನು ಬರ? ಒಂದು ತೆಂಗಿನಕಾಯಿ, ಒಂದು ಇಟ್ಟಿಗೆ ತಗೊಳ್ಳಿ. ಇಳಿಜಾರಿನಲ್ಲಿ ಎರಡನ್ನೂ ಬಿಡಿ. ಕಾಯಿ ಸದ್ದಿಲ್ಲದೆ ಉರುಳಿ ಹೋಗುತ್ತೆ. ಇಟ್ಟಿಗೆ ನಿಂತಲ್ಲೇ ನಿಲ್ಲುತ್ತೆ, ಇಲ್ಲವೇ ಧಡ್ ಧಡ್ ಅಂತ ಮಗುಚುತ್ತೆ. ಮಗುಚುವಾಗ ಪ್ರತಿ ಸಲ ಅದರ ಮೂಲೆ ನೆಲಕ್ಕೆ ಗುದ್ದುತ್ತೆ.

ಬೆನ್ನು ನೆಟ್ಟಗಿಟ್ಟು ಉರುಳುವವರು ಇಟ್ಟಿಗೆ. ಗದ್ದವನ್ನು ಎದೆಗೆ ಸೇರಿಸಿ, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಮಂಡಿ ಎದೆಯ ಹತ್ತಿರ ತಂದುಕೊಂಡವರು ತೆಂಗಿನಕಾಯಿ. ಅವರ ಮೈ ನೆಲಕ್ಕೆ ಒಂದೇ ಸಲ ಬೀಳುವುದಿಲ್ಲ. ಭುಜದ ಹಿಂಭಾಗ, ಬೆನ್ನು, ಸೊಂಟ, ಪಾದ ಹೀಗೆ ಒಂದಾದ ಮೇಲೊಂದು ತಾಗುತ್ತಾ ಹೋಗುತ್ತದೆ. ಪೆಟ್ಟು ಹೆಚ್ಚು ಹೊತ್ತಿಗೆ ಹಂಚಿಹೋಗುತ್ತದೆ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳ್ಕೊಳ್ತೀರಲ್ಲ, ಅದೇ ತತ್ವ. ಚೆಂಡು ನಿಲ್ಲಲು ಹೆಚ್ಚು ಸಮಯ ಕೊಟ್ಟರೆ ಅಂಗೈಗೆ ಬೀಳುವ ಬಲ ಕಡಿಮೆ.

ಮುದುಡಿಕೊಳ್ಳುವುದರಿಂದ ಇನ್ನೊಂದು ಲಾಭ ಇದೆ. ನಿಮ್ಮ ಹೆಡ್‌ಮಾಸ್ಟರ್ ಕೋಣೆಯಲ್ಲಿ ತಿರುಗೋ ಕುರ್ಚಿ ಇದ್ದರೆ, ಕೇಳಿ ತಗೊಳ್ಳಿ. ಎರಡು ಕೈಯಲ್ಲೂ ನೀರು ತುಂಬಿದ ಬಾಟಲಿ ಹಿಡಿದು ಕೈ ಚಾಚಿ ಕೂತುಕೊಳ್ಳಿ. ಗೆಳೆಯರು ಮೆಲ್ಲಗೆ ತಿರುಗಿಸಲಿ. ಈಗ ಬಾಟಲಿಗಳನ್ನು ಎದೆಗೆ ತಂದುಕೊಳ್ಳಿ. ಯಾರೂ ತಳ್ಳದಿದ್ದರೂ ಕುರ್ಚಿ ಜೋರಾಗಿ ತಿರುಗುತ್ತದೆ. ತೂಕ ಅಕ್ಷದ ಹತ್ತಿರ ಬಂದಷ್ಟೂ ತಿರುಗುವುದಕ್ಕೆ ಇರುವ ಜಡತ್ವ ಕಡಿಮೆ. ಲಾಗದ ನಡುವೆ ಕಾಲು ಚಾಚಿದರೆ ಅರ್ಧಕ್ಕೆ ನಿಲ್ಲೋದು, ಮುದುಡಿದರೆ ಸರಕ್ಕನೆ ಸುತ್ತೋದು ಇದಕ್ಕೇ.

ಕಲಿಯುವ ಕ್ರಮ

ಲಾಗವನ್ನು ಲಾಗದಿಂದ ಶುರು ಮಾಡಬೇಡಿ. ನನ್ನ ಕ್ಲಾಸಿನಲ್ಲಿ ಕ್ರಮ ಹೀಗಿದೆ. ಪಿ.ಟಿ. ಮೇಷ್ಟ್ರೋ ಬೇರೆ ಟೀಚರೋ ಪಕ್ಕದಲ್ಲಿ ಇದ್ದಾಗ ಮಾತ್ರ ಮಾಡಿ.

ಒಂದು. ಮೊದಲು ಮಣಿಕಟ್ಟು, ಭುಜ, ಸೊಂಟ ಬಿಸಿಯಾಗಲಿ. ಐದು ನಿಮಿಷ ಓಡಿ, ಕೈ ಬೀಸಿ. ಕುತ್ತಿಗೆಯನ್ನು ಮೆಲ್ಲಗೆ ಮುಂದೆ ಹಿಂದೆ, ಆ ಕಡೆ ಈ ಕಡೆ ಆಡಿಸಿ. ಜೋರಾಗಿ ಗಿರಗಿರ ತಿರುಗಿಸಬೇಡಿ. ನೆಟಿಗೆ ತೆಗೆಯುವುದಂತೂ ಬೇಡವೇ ಬೇಡ.

ಎರಡು. ತೊಟ್ಟಿಲು. ಕೂತು, ಮಂಡಿ ತಬ್ಬಿಕೊಂಡು, ಬೆನ್ನ ಮೇಲೆ ಹಿಂದೆ ಮುಂದೆ ತೂಗಿ. ಗದ್ದಕ್ಕೂ ಎದೆಗೂ ನಡುವೆ ಒಂದು ಕರವಸ್ತ್ರ ಸಿಕ್ಕಿಸಿಕೊಳ್ಳಿ. ಹತ್ತು ಸಲ ತೂಗುವವರೆಗೂ ಅದು ಬೀಳಬಾರದು. ಬಿತ್ತು ಅಂದರೆ ತಲೆ ಹಿಂದಕ್ಕೆ ಹೋಯಿತು ಅಂತ ಅರ್ಥ. ಕರವಸ್ತ್ರ ಬೀಳದೇ ಇರುವುದು ಅಭ್ಯಾಸವಾಗುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ. ನನಗೆ ಗೊತ್ತಿರುವ ಅತ್ಯಂತ ಅಗ್ಗದ, ಅತ್ಯಂತ ಪ್ರಾಮಾಣಿಕ ಪರೀಕ್ಷಕ ಈ ಕರವಸ್ತ್ರ.

ಮೂರು. ತೊಟ್ಟಿಲಿನಿಂದ ಏಳುವುದು. ತೂಗುತ್ತಾ ಬಂದು, ಹಿಮ್ಮಡಿಯನ್ನು ಕುಂಡಿಯ ಹತ್ತಿರಕ್ಕೆ ಎಳೆದು, ಕೈ ಮುಂದೆ ಚಾಚಿ, ನೆಲ ಮುಟ್ಟದೆ ಎದ್ದು ನಿಲ್ಲಿ. ಲಾಗದ ಅರ್ಧ ಭಾಗ ಇದೇ.

ನಾಲ್ಕು. ಕೈಮೇಲೆ ಭಾರ. ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈ ಭುಜದಷ್ಟು ಅಗಲಕ್ಕೆ ಊರಿ, ಬೆರಳು ಮುಂದಕ್ಕೆ. ಸೊಂಟ ಎತ್ತಿ ಭಾರವನ್ನು ಕೈಗೆ ತನ್ನಿ, ವಾಪಸ್ ಹೋಗಿ. ಕೈ ನಡುಗಿದರೆ ಇನ್ನಷ್ಟು ದಿನ ಇದನ್ನೇ ಮಾಡಿ. ತಲೆ ನೆಲಕ್ಕೆ ಬಡಿಯದಂತೆ ಕಾಯುವವರು ಈ ಎರಡು ಕೈಗಳೇ.

ಐದು. ಇಳಿಜಾರಿನ ಲಾಗ. ಹಾಸಿಗೆಯ ಒಂದು ತುದಿಗೆ ಹುಲ್ಲು ತುಂಬಿದ ಗೋಣಿಚೀಲ ಕೊಟ್ಟು ಸ್ವಲ್ಪ ಎತ್ತರ ಮಾಡಿ. ಎತ್ತರದಿಂದ ತಗ್ಗಿಗೆ ಉರುಳುವಾಗ ಗುರುತ್ವವೇ ಸಹಾಯ ಮಾಡುತ್ತದೆ, ಹೆಚ್ಚು ತಳ್ಳಬೇಕಾಗಿಲ್ಲ. ಅಂಗೈ ಊರಿ, ಸೊಂಟ ಎತ್ತಿ, ನಿಮ್ಮ ಹೊಟ್ಟೆಯನ್ನು ನೀವೇ ನೋಡಿಕೊಳ್ಳಿ. ಹೊಟ್ಟೆ ನೋಡಿದರೆ ಗದ್ದ ತಾನಾಗಿ ಒಳಗೆ ಹೋಗುತ್ತದೆ. ಕಾಲಿನಿಂದ ಮೆಲ್ಲಗೆ ತಳ್ಳಿ, ಮೊಣಕೈ ನಿಧಾನವಾಗಿ ಮಡಿಸಿ, ಭುಜದ ಹಿಂಭಾಗವನ್ನು ನೆಲಕ್ಕೆ ತಾಗಿಸಿ. ಉಳಿದದ್ದು ತೊಟ್ಟಿಲೇ.

ಆರು. ಸಮತಟ್ಟು ಹಾಸಿಗೆಯ ಮೇಲೆ ಅದನ್ನೇ ಮಾಡುವುದು.

ಗೆಳೆಯರು ಮಾಡುವಾಗ ನೀವು ಕಣ್ಣು ಮುಚ್ಚಿ ಕಿವಿಗೊಡಿ. ಧಪ್ ಅಂತ ಒಂದೇ ಸದ್ದು ಬಂದರೆ ಬೆನ್ನು ಚಪ್ಪಟೆಯಾಗಿದೆ. ಸರಸರ ಅಂತ ಹುಲ್ಲು ಒರೆಸಿದ ಹಾಗೆ ಬಂದರೆ ಬೆನ್ನು ಗುಂಡಗಿದೆ. ಒಂದೇ ಪಕ್ಕಕ್ಕೆ ವಾಲುತ್ತಿದ್ದರೆ ಒಂದು ಕೈ ಇನ್ನೊಂದಕ್ಕಿಂತ ಮೊದಲೇ ಸೋಲುತ್ತಿದೆ. ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

ಏಳೋಕೆ ಯಾಕಾಗಲ್ಲ?

ಬಹಳ ಮಂದಿ ಚೆನ್ನಾಗಿ ಉರುಳಿ, ಕೊನೆಗೆ ಕಾಲು ಚಾಚಿ ಕೂತುಬಿಡ್ತಾರೆ. ಆಮೇಲೆ ಕೈ ಊರಿ ಏಳ್ತಾರೆ. ಇದಕ್ಕೆ ಕಾರಣ ತಿಳಿಯೋಕೆ ಕುರ್ಚಿ ಪ್ರಯೋಗ ಸಾಕು. ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಪಾದ ಮುಂದಕ್ಕಿಟ್ಟು ಕೂತುಕೊಳ್ಳಿ. ಮೈ ಮುಂದಕ್ಕೆ ಬಾಗಿಸದೆ, ಪಾದ ಹಿಂದಕ್ಕೆ ಎಳೆಯದೆ, ಕೈ ಊರದೆ ಎದ್ದೇಳಿ ನೋಡೋಣ. ಎಷ್ಟು ಗಟ್ಟಿಗರಾದರೂ ಆಗಲ್ಲ. ಗುರುತ್ವ ಕೇಂದ್ರ ಪಾದದ ಮೇಲೆ ಬರದೇ ನಿಲ್ಲೋಕೆ ಸಾಧ್ಯವಿಲ್ಲ.

ಲಾಗದ ಕೊನೆಯಲ್ಲೂ ಹೀಗೇ. ಪಾದ ದೂರ ಇದ್ದರೆ ಗುರುತ್ವ ಕೇಂದ್ರ ಹಿಂದೆಯೇ ಉಳಿಯಿತು. ಹಿಮ್ಮಡಿಯನ್ನು ಹತ್ತಿರಕ್ಕೆ ಎಳೆದು, ಎದುರಿಗಿರುವ ಯಾರದೋ ಕೈಕುಲುಕುವ ಹಾಗೆ ಎರಡೂ ಕೈ ಮುಂದೆ ಚಾಚಿ. ಆಗ ಅದು ಪಾದದ ಮೇಲೆ ಬರುತ್ತದೆ. ಎದ್ದು ನಿಲ್ಲುತ್ತೀರಿ.

ಎದ್ದ ಮೇಲೆ ಲೋಕ ಸ್ವಲ್ಪ ತಿರುಗಿದ ಹಾಗೆ ಆದರೆ ಹೆದರಬೇಡಿ. ನಮ್ಮ ಒಂದೊಂದು ಕಿವಿಯ ಒಳಗೂ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ಲೋಟದ ನೀರಿಗೆ ಒಂದು ಚಿಟಿಕೆ ರಾಗಿಹಿಟ್ಟು ಉದುರಿಸಿ, ಕಲಕಿ, ಲೋಟವನ್ನು ನಿಲ್ಲಿಸಿ ನೋಡಿ. ಲೋಟ ನಿಂತರೂ ನೀರು ಇನ್ನೂ ತಿರುಗುತ್ತಿರುತ್ತದೆ. ಕಿವಿಯೊಳಗೂ ಹಾಗೇ. ಮೈ ನಿಂತಿದೆ ಅಂತ ಕಣ್ಣು ಹೇಳುತ್ತೆ, ಇನ್ನೂ ತಿರುಗ್ತಾ ಇದೀಯ ಅಂತ ಕಿವಿ ಹೇಳುತ್ತೆ. ದೂರದ ಒಂದು ಮರವನ್ನೇ ದಿಟ್ಟಿಸಿ, ಸ್ವಲ್ಪ ಹೊತ್ತು ನಿಲ್ಲಿ. ಆ ತನಕ ಇನ್ನೊಂದು ಲಾಗ ಬೇಡ.

ಮ್ಯಾಟ್ ಇಲ್ಲ, ಏನು ಮಾಡೋದು?

ದೊಡ್ಡ ಸ್ಪರ್ಧೆಗಳ ಫ್ಲೋರ್ 12 ಮೀಟರ್ ಉದ್ದ, 12 ಮೀಟರ್ ಅಗಲ. ಅದರ ಅಡಿಯಲ್ಲಿ ಸ್ಪ್ರಿಂಗು, ಫೋಮು ಇರುತ್ತದೆ. ನಮ್ಮ ಶಾಲೆಯ ಅಂಗಳದಲ್ಲಿ ಇರೋದು ಕೆಂಪು ಮಣ್ಣು, ನಡುವೆ ಬೆಣಚುಕಲ್ಲು. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಗರಡಿಮನೆಯ ಪೈಲ್ವಾನರಿಗೆ ಯಾವ ಫೋಮು ಇತ್ತು? ಕೆಂಪು ಮಣ್ಣನ್ನು ಜರಡಿ ಹಿಡಿದು, ಕಲ್ಲು ಹೆಕ್ಕಿ, ಎಣ್ಣೆ ಮಜ್ಜಿಗೆ ಅರಿಶಿನ ಬೆರೆಸಿ, ದಿನಾ ಅಗೆದು ಮೆತ್ತಗೆ ಮಾಡಿಕೊಳ್ತಿದ್ದರು. ಬೀಳುವ ನೆಲವನ್ನು ಸಿದ್ಧ ಮಾಡುವುದೂ ಕುಸ್ತಿಯ ಪಾಠವೇ ಆಗಿತ್ತು. ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಆಟಕ್ಕೆ ಪ್ರತ್ಯೇಕ ಭಾಗವೇ ಇದೆ. ಮೈಗೆ ತರಬೇತಿ ಕೊಡುವ ವಿದ್ಯೆ ನಮಗೆ ಹೊಸದಲ್ಲ.

ನಮ್ಮಲ್ಲಿ ರಾಗಿಹುಲ್ಲು ಇದೆ. ಒಂದು ಮೊಳ ದಪ್ಪಕ್ಕೆ ಹುಲ್ಲು ಹರಡಿ, ತುಳಿದು, ಮೇಲೆ ಗೋಣಿಚೀಲ, ಅದರ ಮೇಲೆ ಎರಡು ಜಮಖಾನೆ ಬಿಗಿಯಾಗಿ ಹಾಸಿ. ಹಾಸುವ ಮೊದಲು ಹುಲ್ಲಿನಲ್ಲಿ ಕಡ್ಡಿ, ಕಲ್ಲು, ಚೇಳು ಇಲ್ಲವೆಂದು ಕೋಲಿನಿಂದ ಕೆದಕಿ ನೋಡಿ. ಅಂಚುಗಳಿಂದ ಎಲ್ಲ ಕಡೆ ಎರಡು ಮಾರು ಜಾಗ ಖಾಲಿ ಇರಲಿ. ಬರೀ ಸಿಮೆಂಟು ನೆಲ, ಬರೀ ಜಮಖಾನೆ ಬೇಡ. ತೀರ ಮೆತ್ತಗಿನ ಹತ್ತಿ ಹಾಸಿಗೆಯೂ ಬೇಡ. ಅದರಲ್ಲಿ ಕೈ ಹೂತುಹೋಗಿ ತಲೆ ಕೆಳಗೆ ಬರುತ್ತದೆ.

ಸವಾಲಿನ ಲಾಗ ಬೇಡ

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರ್ತೀನಿ. ನಮ್ಮ ಮೈದಾನಗಳಲ್ಲಿ ಲಾಗವನ್ನು ಯಾರು ಕಲಿಸ್ತಾ ಇದಾರೆ? ಬಹುಪಾಲು ಕಲಿಸೋದು ಸವಾಲು. "ಗಂಡಸಾದರೆ ಹಾಕು ನೋಡೋಣ." "ಅವನು ಬಾವಿಕಟ್ಟೆ ಮೇಲಿಂದ ಹಾಕ್ದ, ನೀನು?" ಈಗ ಮೊಬೈಲ್ ಕೂಡ ಸೇರಿಕೊಂಡಿದೆ. ಹತ್ತು ಸೆಕೆಂಡಿನ ವಿಡಿಯೋದಲ್ಲಿ ಯಾರೋ ಹಿಂದಕ್ಕೆ ಹಾರಿ ನಿಲ್ತಾನೆ. ಅದಕ್ಕೆ ಹಿಂದೆ ಅವನು ಎಷ್ಟು ವರ್ಷ ತೊಟ್ಟಿಲು ತೂಗಿದ ಅನ್ನೋದು ವಿಡಿಯೋದಲ್ಲಿ ಇರಲ್ಲ.

ಒಬ್ಬರ ಕಥೆ ಹೇಳಲೇಬೇಕು. ಸೋವಿಯತ್ ದೇಶದ ಎಲೆನಾ ಮುಖಿನಾ 1978ರಲ್ಲಿ ಜಿಮ್ನಾಸ್ಟಿಕ್ಸಿನ ವಿಶ್ವ ಚಾಂಪಿಯನ್. ಅವರು ಕಲೀತಿದ್ದ ಒಂದು ಕಸರತ್ತು ಇತ್ತು. ಗಾಳಿಯಲ್ಲಿ ತಿರುಗಿ, ಪಾದದ ಮೇಲೆ ಇಳಿಯದೆ, ಕೊನೆಗೆ ನಮ್ಮ ಈ ಮುಂದುರುಳಿನಲ್ಲಿ ಮುಗಿಸಬೇಕು. ಮುರಿದ ಕಾಲು ಪೂರ್ತಿ ವಾಸಿಯಾಗುವ ಮೊದಲೇ, 1980ರ ಜುಲೈನಲ್ಲಿ, ಮಾಸ್ಕೋ ಒಲಿಂಪಿಕ್ಸಿಗೆ ಸ್ವಲ್ಪ ದಿನ ಇರುವಾಗ, ಅಭ್ಯಾಸದಲ್ಲಿ ಎತ್ತರ ಸಾಲದೆ ಬಿದ್ದು ಕುತ್ತಿಗೆ ಮುರಿದುಕೊಂಡರು. ಅಲ್ಲಿಂದ 2006ರಲ್ಲಿ ತೀರಿಕೊಳ್ಳುವ ತನಕ ಅವರು ನಡೆಯಲಿಲ್ಲ. ಆ ಥರ ಉರುಳಿನಲ್ಲಿ ಮುಗಿಯುವ ಹಾರುಗಳನ್ನು ಮುಂದೆ ಮಹಿಳೆಯರ ಸ್ಪರ್ಧೆಯಿಂದಲೇ ತೆಗೆದುಹಾಕಿದರು. ವಿಶ್ವ ಚಾಂಪಿಯನ್ನಿಗೂ ಗಾಯವಾದ ಮೈಯಲ್ಲಿ, ಅವಸರದಲ್ಲಿ ಮಾಡಿದ್ದು ಕೈಕೊಟ್ಟಿತು. ನಿಮ್ಮನ್ನು ಹೆದರಿಸಬೇಕು ಅಂತ ಇದನ್ನು ಹೇಳ್ತಾ ಇಲ್ಲ. "ಇವತ್ತು ಬೇಡ" ಅನ್ನೋ ಮಾತಿಗೆ ಎಷ್ಟು ಬೆಲೆ ಇದೆ ಅಂತ ತಿಳೀಲಿ ಅಂತ ಹೇಳ್ತಾ ಇದೀನಿ.

ನಮ್ಮ ಕ್ಲಾಸಿನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಹಾಸಿಗೆಯ ಮುಂದೆ ನಿಂತವರು "ಇವತ್ತು ಬೇಡ" ಅಂದರೆ ಯಾರೂ ಯಾಕೆ ಅಂತ ಕೇಳೋ ಹಾಗಿಲ್ಲ, ನಗೋ ಹಾಗಿಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಮೂರು ವಾರ ತೊಟ್ಟಿಲು ಮಾತ್ರ ತೂಗಿದಳು. ಉಳಿದವರು ಉರುಳ್ತಾ ಇದ್ದರೂ ಅವಳು ಕರವಸ್ತ್ರ ಸಿಕ್ಕಿಸಿಕೊಂಡು ಮೂಲೆಯಲ್ಲಿ ತೂಗ್ತಾ ಇದ್ದಳು. ನಾಲ್ಕನೇ ವಾರ ಒಂದು ದಿನ ತಾನಾಗಿ ಬಂದು ಇಳಿಜಾರಿನ ಮೇಲೆ ಕೂತಳು. ಉರುಳಿದಳು, ಎದ್ದಳು. ಸದ್ದೇ ಬರಲಿಲ್ಲ. ಅವತ್ತು ಕ್ಲಾಸಿನಲ್ಲಿ ಎಲ್ಲರಿಗಿಂತ ಚೆಂದದ ಲಾಗ ಅವಳದ್ದೇ. ನನ್ನ ಏಳನೇ ಕ್ಲಾಸು ನೆನಪಾಯಿತು.

ಹುಡುಗಿಯರಿಗೆ ಇದು ಬೇಡ ಅನ್ನುವವರಿಗೂ ಒಂದು ಮಾತು. ತ್ರಿಪುರಾದ ದೀಪಾ ಕರ್ಮಾಕರ್ ಅವರಿಗೆ ಚಪ್ಪಟೆ ಪಾದ ಇತ್ತು. ಜಿಮ್ನಾಸ್ಟಿಕ್ಸಿಗೆ ಅದು ತೊಡಕು. ಆದರೂ 2016ರ ರಿಯೋ ಒಲಿಂಪಿಕ್ಸಿನ ವಾಲ್ಟ್ ಫೈನಲ್ಲಿನಲ್ಲಿ 15.066 ಅಂಕ ಗಳಿಸಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಬರೀ 0.15 ಅಂಕದಿಂದ. 2018ರಲ್ಲಿ ಮೆಲ್ಬರ್ನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದ ಅರುಣಾ ರೆಡ್ಡಿ ನಮ್ಮ ಪಕ್ಕದ ಹೈದರಾಬಾದಿನವರು. ಹುಡುಗಿಯರೇ, ಪ್ಯಾಂಟು ಇಲ್ಲವೇ ಚೂಡಿದಾರ ಹಾಕಿ ಬನ್ನಿ. ಬಳೆ, ಓಲೆ, ಜಡೆಯ ಪಿನ್ನು ತೆಗೆದಿಡಿ. ಹುಡುಗರೇ, ಜೇಬಿನಲ್ಲಿರುವ ಪೆನ್ನು, ಗೋಲಿ ತೆಗೆದಿಡಿ. ಕನ್ನಡಕ ಎಲ್ಲರೂ ತೆಗೆದಿಡಿ.

ಯಾವಾಗ ಬೇಡ, ಏಟಾದರೆ ಏನು

ಮಧ್ಯಾಹ್ನದ ಊಟ ಆದ ಕೂಡಲೇ ಬೇಡ. ಕುತ್ತಿಗೆ, ಬೆನ್ನು, ಮಣಿಕಟ್ಟು ನೋವಿದ್ದರೆ, ಕಿವಿ ಸೋರುತ್ತಿದ್ದರೆ, ಜ್ವರ ಇದ್ದರೆ ಬೇಡ. ಮೂರ್ಛೆ ಅಥವಾ ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬೇಡಿ. ಇದನ್ನು ಮೇಷ್ಟ್ರಿಗೆ ಹೇಳಲು ನಾಚಿಕೆ ಬೇಡ.

ಯಾರಾದರೂ ಕುತ್ತಿಗೆಯ ಮೇಲೆ ಬಿದ್ದು, ನೋವು ಅಂದರೆ, ಕೈಕಾಲು ಜೋಮು ಹಿಡಿದಿದೆ ಅಂದರೆ, ಇದನ್ನು ನೆನಪಿಡಿ: ಎತ್ತಿ ಕೂರಿಸಬೇಡಿ. ಕುತ್ತಿಗೆ ಎಳೆಯಬೇಡಿ, ತಿರುಗಿಸಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಹೇಗೆ ಬಿದ್ದಿದ್ದಾರೋ ಹಾಗೇ ಇರಲಿ. ಒಬ್ಬರು ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದಿರಲಿ, ಮಾತಾಡಿಸ್ತಾ ಇರಲಿ. ಇನ್ನೊಬ್ಬರು ದೊಡ್ಡವರನ್ನು ಕರೆದು 108ಕ್ಕೆ ಫೋನ್ ಮಾಡಿಸಲಿ. ಪ್ರೀತಿಯಿಂದ ಎತ್ತಿ ಓಡುವವರಿಂದಲೇ ಬೆನ್ನುಹುರಿಗೆ ಹೆಚ್ಚು ಕೆಡುಕಾಗಬಹುದು.

ಪರೀಕ್ಷೆಗೆ ಬರುತ್ತಾ?

"ಇದು ಪರೀಕ್ಷೆಗೆ ಬರುತ್ತಾ ಸಾರ್?" ಅಂತ ಒಬ್ಬ ಹುಡುಗ ಕೇಳಿದ. ಪ್ರಶ್ನೆಪತ್ರಿಕೆಗೆ ಬರಲ್ಲಪ್ಪ. ಆದರೆ ಬೇರೆ ಕಡೆ ಬರುತ್ತೆ. ಖೋ ಖೋ ಆಡುವಾಗ ಮುಗ್ಗರಿಸಿದಾಗ ಬರುತ್ತೆ. ಕಬಡ್ಡಿಯಲ್ಲಿ ಕಾಲು ಹಿಡಿದು ಕೆಡವಿದಾಗ ಬರುತ್ತೆ. ಮಳೆಗಾಲದಲ್ಲಿ ತೋಟದ ಬದುವಿನ ಮೇಲೆ ಜಾರಿದಾಗ, ಸೈಕಲ್ಲಿನಿಂದ ಬಿದ್ದಾಗ ಬರುತ್ತೆ. ಜಪಾನಿನಲ್ಲಿ 1882ರಲ್ಲಿ ಶುರುವಾದ ಜೂಡೋ ವಿದ್ಯೆಯಲ್ಲಿ ಎದುರಾಳಿಯನ್ನು ಎಸೆಯುವ ಮುಂಚೆ ಕಲಿಸೋದು ಬೀಳೋದನ್ನ. ಗದ್ದ ಒಳಗೆ, ಬೆನ್ನು ಗುಂಡಗೆ ಅನ್ನೋದು ಅಲ್ಲೂ ಪಾಠ. ಬೀಳೋದು ಯಾರಿಗೂ ತಪ್ಪಲ್ಲ. ಬೀಳುವಾಗ ತಲೆ ಉಳಿಸಿಕೊಳ್ಳೋದನ್ನು ಮೈ ಕಲಿತಿರಬೇಕು.

ನಮ್ಮ ಉಪಾಧ್ಯಾಯ ಬಂಧುಗಳಿಗೂ ಇಲ್ಲಿಂದಲೇ ಒಂದು ಮನವಿ. ಲಾಗವನ್ನು ಶಿಕ್ಷೆಯಾಗಿ ಕೊಡಬೇಡಿ, ಸಾಲಿನಲ್ಲಿ ನಿಲ್ಲಿಸಿ ಅವಸರ ಮಾಡಬೇಡಿ. ಒತ್ತಡದ ಪಾಠ ಬಂದ ದಿನ ಮಕ್ಕಳನ್ನು ಹುಲ್ಲು ಹಾಸಿಗೆಯ ಹತ್ತಿರ ಕರೆದುಕೊಂಡು ಹೋಗಿ. ಕಪ್ಪುಹಲಗೆಯ ಮೇಲೆ ಬರೆದ ಸೂತ್ರ ಬೆನ್ನಿಗೆ ತಾಗಿದರೆ ಮರೆಯೋದು ಕಷ್ಟ.

ಮಕ್ಕಳೇ, ನಾಳೆಯೇ ಲಾಗ ಹಾಕಬೇಡಿ. ನಾಳೆ ಕರವಸ್ತ್ರ ಸಿಕ್ಕಿಸಿಕೊಂಡು ತೊಟ್ಟಿಲು ತೂಗಿ. ಹತ್ತರಲ್ಲಿ ಎಷ್ಟು ಸಲ ಬೀಳಲಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಒಂದು ವಾರದ ಲೆಕ್ಕವನ್ನು ನಿಮ್ಮ ವಿಜ್ಞಾನ ಮೇಷ್ಟ್ರಿಗೆ ತೋರಿಸಿ. ಹತ್ತಕ್ಕೆ ಹತ್ತು ಬಂದ ದಿನ ಹುಲ್ಲು ಹಾಸೋಣ.